ಮೋಟರಿಗೆ ಕೊಟ್ಟ ಹೆಸರು

ಕಪನೂರ, ಕಲಬುರಗಿ
ಭಾನುವಾರ ಮಧ್ಯಾಹ್ನ

ತಂಗಿ ಪಂಚಶೀಲಾ,

ನಮ್ಮ ಮನೆಯ ರೂಢಿಯಂತೆ ಶರಣು, ನಿಮ್ಮ ಮನೆಯ ರೂಢಿಯಂತೆ ಜೈಭೀಮ್.

ಮೊದಲು ಖರ್ಚು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬರೆದವನು ದೇವೀಂದ್ರಪ್ಪನೇ ಹೌದೋ ಅಲ್ಲವೋ ಎಂದು ನಿನಗೆ ಅನುಮಾನ ಬಂದೀತು. ನೀನು ಬೇಡವೆಂದ ಆ ಎರಡಕ್ಷರದ ದೆಸೆಯಿಂದ ಈ ಮೂರು ತಿಂಗಳಲ್ಲಿ ಆದದ್ದು ಇಷ್ಟು. ಸ್ಟಿಕ್ಕರ್ ಹಾಳೆ ಇಪ್ಪತ್ತೆರಡು. ಹಳೇ ಅಂಟು ತೆಗೆಯಲು ಥಿನ್ನರ್ ಆರು ಬಾಟಲಿ. ಕಮಲಾಪುರಕ್ಕೆ ಮೋಟರ್‌ಸೈಕಲ್ ಮೇಲೆ ಹೋಗಿ ಬಂದದ್ದು ಒಂಬತ್ತು ಸಲ, ಅದರಲ್ಲಿ ಎರಡು ಸಲ ಮಹಾಗಾಂವ ಕ್ರಾಸಿನಲ್ಲಿ ಪಂಕ್ಚರ್. ಒಬ್ಬ ಗಿರಾಕಿ ಪೂರ್ತಿ ಹೋದ, ಇಬ್ಬರು ಅರ್ಧ ಹೋಗಿ ನಿಂತಿದ್ದಾರೆ. ಲೆಕ್ಕದ ಪುಸ್ತಕದ ಕೊನೆಯ ಸಾಲಿನಲ್ಲಿ ನಿನ್ನ ಹೆಸರು ಬರೆದೆ. ಎದುರಿಗೆ ಏನು ಬರೆಯಬೇಕೋ ತಿಳಿಯದೆ ಬರೀ ಗೆರೆ ಎಳೆದು ಪುಸ್ತಕ ಮುಚ್ಚಿದೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಗೆಲ್ಲುತ್ತೇನೆ. ನೆಹರು ಗಂಜಿನ ದಲಾಲರ ನಡುವೆ ನಿಂತು ಕಲಿತ ಬಾಯಿ ಇದು, ತಪ್ಪು ನನ್ನದಿದ್ದರೂ ಮಾತು ಮುಗಿಯುವಷ್ಟರಲ್ಲಿ ಎದುರಿನವರೇ ಕ್ಷಮೆ ಕೇಳುವ ಹಾಗೆ ಮಾಡುತ್ತದೆ. ಕಾಗದದ ಮೇಲೆ ಆ ಆಟ ನಡೆಯುವುದಿಲ್ಲ. ಅದಕ್ಕೇ ಬರೆದು ನಿಮ್ಮಪ್ಪನ ಕೈಯಲ್ಲಿ ಕೊಡುತ್ತಿದ್ದೇನೆ. ಮುಂದಿನ ವಾರ ನೀನಿರುವ ಬೀದರಿಗೆ ಬಂದಾಗ ಅವನು ಕೊಡುತ್ತಾನೆ.

ನೀನು ನಮ್ಮ ವರ್ಕ್‌ಶಾಪಿಗೆ ಬಂದ ಮೊದಲ ದಿನ ನೆನಪಿದೆಯೇನು? ಡಿಪ್ಲೊಮಾ ಮುಗಿಸಿ, ಕಮಲಾಪುರದ ಬಸ್ಸಿಳಿದು, ಊಟದ ಡಬ್ಬಿ ಹಿಡಿದು ನಿಂತಿದ್ದೆ. ನಮ್ಮ ಮಿಸ್ತ್ರಿ ಝಹೀರ್ ಆಗಷ್ಟೇ ಮಿಲ್ಲಿನ ಮೋಟರು ನಡೆಸುವ ಒಂದು ಕಂಟ್ರೋಲ್ ಪ್ಯಾನಲ್ ಮುಗಿಸಿ ಬೀಡಿ ಹಚ್ಚಿದ್ದ. ಇಪ್ಪತ್ತು ವರ್ಷದ ಅನುಭವಸ್ಥ. ನೀನು ಪ್ಯಾನಲ್ಲಿನ ಬಾಗಿಲು ತೆರೆದು ನೋಡಿ ಅವನಿಗೆ ಅಂದೆ: "ಚಾಚಾ, ವೈರಿನ ನಂಬರ್ ಅರ್ಧ ತಲಿಕೆಳಗ ಅವ. ಮಿಲ್ಲಿನ್ಯಾಗ ಕರೆಂಟ್ ಹೋದಾಗ ಟಾರ್ಚ್ ಹಿಡಕೊಂಡು ಓದೋರು ನಾವಲ್ಲ, ಬ್ಯಾರೆಯವ್ರು." ಝಹೀರ್ ಬೀಡಿ ಎಸೆದು ಮಧ್ಯಾಹ್ನದವರೆಗೆ ಬೇರೆ ಮೂಲೆಗೆ ಹೋಗಿ ಕೂತ. ಊಟದ ಹೊತ್ತಿಗೆ ತನ್ನ ಡಬ್ಬಿಯ ಖೀಮಾ ನಿನ್ನ ಕಡೆ ಸರಿಸಿ, "ತಿನ್ನು ಬೇಟಾ, ತಿಂದು ಎಲ್ಲಾ ಸೀದಾ ಮಾಡು" ಅಂದ. ಅಂದಿನಿಂದ ನಮ್ಮ ಪ್ಯಾನಲ್ಲುಗಳ ಒಳಗೆ ಒಂದು ನಂಬರೂ ತಲೆಕೆಳಗಾಗಿಲ್ಲ.

ಓದುವವರು ಬೇರೆಯವರು ಎಂಬ ಮಾತು ನನಗೂ ಗೊತ್ತಿದ್ದದ್ದೇ. ಅದರ ಮೇಲೇ ನನ್ನ ದಂಧೆ ನಿಂತಿದೆ. ನಾನು ಏಳನೇ ಇಯತ್ತೆ ಓದಿ, ಗಂಜಿನಲ್ಲಿ ಸುಟ್ಟ ಮೋಟರಿನ ತಂತಿ ಬಿಚ್ಚುತ್ತ ಮೇಲೆ ಬಂದವನು. ನನಗೆ ಬರುವ ಇಂಗ್ಲಿಷು ಯಂತ್ರದ ಮೈಮೇಲೆ ಎಷ್ಟು ಬರೆದಿದೆಯೋ ಅಷ್ಟೇ. ಹಿಂದೊಮ್ಮೆ ಒಂದು ದಾಲ್ ಮಿಲ್ಲಿನಲ್ಲಿ ಮಲ್ಲು ಎಂಬ ಆಪರೇಟರ್ ಇಂಗ್ಲಿಷ್ ಓದಲು ಬಾರದೆ ಬೇರೆ ಗುಂಡಿ ಒತ್ತಿದ. ಕಾಳು ಮೇಲೆತ್ತುವ ಎಲಿವೇಟರ್ ಉಲ್ಟಾ ತಿರುಗಿ ಮೊಣಕಾಲ ಮಟ ತೊಗರಿ ಸುರಿಯಿತು. ಬೈಸಿಕೊಂಡವನು ಮಲ್ಲು, ನಾಚಿಕೆಯಾದದ್ದು ನನಗೆ. ಅವತ್ತಿನಿಂದ ಎರಡು ನೇಮ ಮಾಡಿದೆ. ನಮ್ಮ ಪ್ಯಾನಲ್ಲಿನ ಮೇಲೆ ಪ್ರತಿಯೊಂದಕ್ಕೂ ಕನ್ನಡದ ಸ್ಟಿಕ್ಕರ್ ಇರಬೇಕು. ಮೊದಲ ಸಲ ಚಾಲೂ ಮಾಡುವಾಗ ಅದನ್ನು ನಡೆಸುವ ಆಪರೇಟರೇ ಎಲ್ಲರ ಮುಂದೆ ಒಂದೊಂದು ಸ್ಟಿಕ್ಕರನ್ನು ಗಟ್ಟಿಯಾಗಿ ಓದಿ ಗುಂಡಿ ಒತ್ತಬೇಕು. ಓದಿ ಒತ್ತು, ಇದು ನಮ್ಮ ವರ್ಕ್‌ಶಾಪಿನ ಮಂತ್ರ. ಬೇರೆ ಯಾವ ಪ್ಯಾನಲ್ಲಿನವನೂ ಹೀಗೆ ಮಾಡುವುದಿಲ್ಲ ಎಂದು ನಾನು ಎದೆ ತಟ್ಟಿಕೊಂಡು ಹೇಳಿಕೊಳ್ಳುತ್ತಿದ್ದೆ.

ಆ ಎದೆ ತಟ್ಟುವಿಕೆಯಲ್ಲೇ ತಪ್ಪು ಕೂತಿತ್ತು. ಮಿಲ್ಲಿನ ಐದು ಮೋಟರುಗಳಿಗೆ ಅವುಗಳ ಓಟ ಹಿಡಿದು ನಡೆಸುವ ಐದು ಡ್ರೈವ್ ಹಾಕುತ್ತೇವೆ. ಒಂದು ಮುಂದೆ ನಿಂತು ಅಪ್ಪಣೆ ಕೊಡುತ್ತದೆ, ಉಳಿದ ನಾಲ್ಕು ಅದು ಕೇಳಿದಾಗ ಮಾತ್ರ ಉತ್ತರ ಕೊಡುತ್ತವೆ. ತಾವಾಗಿ ಬಾಯಿ ಬಿಡುವುದಿಲ್ಲ. ಕಂಪನಿಯ ಪುಸ್ತಕದಲ್ಲಿ ಮೊದಲನೆಯದು ಮಾಸ್ಟರ್, ಉಳಿದವು ಸ್ಲೇವ್. ಒಂಬತ್ತು ವರ್ಷದ ಹಿಂದೆ ಡಿಕ್ಷನರಿ ತೆರೆದೆ, ಗುಲಾಮ ಎಂದಿತ್ತು. ಝಹೀರ್ ಕೈ ಅಡ್ಡ ಹಿಡಿದ: "ಸಾಬ್, ನಮ್ಮ ಅಬ್ಬಾನ ಹೆಸರು ಗುಲಾಮ್ ದಸ್ತಗೀರ್. ಪೀರರ ಹೆಸರಿನ ಜೋಡಿ ಇರೋ ಶಬ್ದ ಅದು. ಮೋಟರಿಗೆ ಹಚ್ಚಬ್ಯಾಡ್ರಿ." ಸರಿ ಎಂದು ಬಿಟ್ಟೆ. ಅವನ ಮನೆಯ ಶಬ್ದ ಎಂದ ಕೂಡಲೇ ಬಿಟ್ಟೆ, ಇದನ್ನು ಗುರುತು ಹಾಕಿಕೋ. ಆಮೇಲೆ ನಾನೇ ಹೆಸರಿಟ್ಟೆ. ಮುಂದಿನದಕ್ಕೆ ಧಣಿ. ಹಿಂದಿನವಕ್ಕೆ ಜೀತ ಒಂದು, ಜೀತ ಎರಡು, ಜೀತ ಮೂರು, ಜೀತ ನಾಲ್ಕು. ಎರಡೇ ಅಕ್ಷರ, ಸಣ್ಣ ಸ್ಟಿಕ್ಕರಿನಲ್ಲಿ ಕೂಡುತ್ತದೆ, ಛಾಪಾ ಸಸ್ತಾ. ಹಾಗೆ ಅರವತ್ತೊಂದು ಪ್ಯಾನಲ್ ಹೋದವು. ಯಾರೂ ಕೇಳಲಿಲ್ಲ.

ಅರವತ್ತೆರಡನೆಯದು ಕಮಲಾಪುರದ ಮಿಲ್ಲಿನದು. ಆ ಶನಿವಾರ ನೀನು ಸ್ಟಿಕ್ಕರ್ ಹಚ್ಚಲು ಕೂತವಳು ಹಾಳೆ ಹಿಡಿದುಕೊಂಡೇ ಇದ್ದೆ. ನಾಲ್ಕು ವರ್ಷ ನೀನೇ ಹಚ್ಚಿದ ಹೆಸರು ಅದು. ಅವತ್ತು ಮಾತ್ರ ಅಂದೆ: "ಸರ್ರ, ಈ ಹೆಸರು ಬ್ಯಾಡ್ರಿ. ಬ್ಯಾರೆ ಹಾಕೋಣ್ರಿ."

"ಯಾಕ, ಅಕ್ಷರ ತಪ್ಪಾಗ್ಯಾವೇನು?"

"ಅಕ್ಷರ ಬರಾಬರಿ ಅವ್ರಿ."

ನೀನು ಫೋನ್ ತೆಗೆದು ತೋರಿಸಿದೆ. ಈ ಯಂತ್ರಗಳು ಮಾತಾಡಿಕೊಳ್ಳುವ ಭಾಷೆಯನ್ನು ನಡೆಸುವ ಸಂಸ್ಥೆಯವರೇ ಕೆಲವು ವರ್ಷದ ಹಿಂದೆ ಆ ಎರಡು ಶಬ್ದ ಕೈಬಿಟ್ಟಿದ್ದಾರೆ, ದೊಡ್ಡ ದೊಡ್ಡ ಕಂಪ್ಯೂಟರ್ ಕಂಪನಿಗಳೂ ಬದಲಿಸುತ್ತಿವೆ, ಬೇಕೋ ಬೇಡವೋ ಎಂದು ಜಗತ್ತಿನ ತುಂಬ ವಾದ ನಡೆದಿದೆ ಎಂದೆ. ಝಹೀರ್ ನಕ್ಕ: "ಇವತ್ತು ಇದು ಬ್ಯಾಡ ಅಂತಿ. ನಾಳೆ ಪ್ಲಗ್ಗಿಗೆ ಗಂಡು ಹೆಣ್ಣು ಅನ್ನಬ್ಯಾಡ್ರಿ ಅಂತಿ. ನಾಡಿದ್ದ ಕರಿ ವೈರಿಗೆ ಕರಿಯದು ಅನ್ನಬ್ಯಾಡ್ರಿ ಅಂತಿ. ಬಾಯಿ ಹೊಲಕೊಂಡು ಕೆಲಸ ಮಾಡಬೇಕೇನ ಬೇಟಾ?"

"ಚಾಚಾ, ಆ ವೈರ್ ಕರ್ರಗ ಅದ, ಅದಕ್ಕ ಕರಿಯದು ಅಂತೀವಿ. ಮೋಟರ್ ಯಾವಾಗ ಯಾರ ಮನ್ಯಾಗ ಜೀತಕ್ಕಿತ್ತು?"

ಝಹೀರ್ ತನ್ನ ವೈರಿನ ಕಡೆ ತಿರುಗಿದ. ಬಿಡದವನು ನಾನು. ಎಲ್ಲರೂ ನೋಡುತ್ತಿದ್ದರಲ್ಲ, ನನಗೆ ಬಾಯಿ ತುರಿಸಿತು. "ಮೋಟರ್ ಬಂದು ನಿನ್ನ ಮುಂದ ಅತ್ತದೇನು ತಂಗಿ? ಅದಕ್ಕ ಅವಮಾನ ಆಗ್ಯಾದೇನು?" ಎಂದೆ. ವರ್ಕ್‌ಶಾಪು ನಕ್ಕಿತು. ನೀನು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

"ಮೋಟರಿಗೆ ಓದಾಕ ಬರಲ್ರಿ ಸರ್ರ. ನಮ್ಮಪ್ಪಗ ಬರ್ತದ."

ಆಗ ತಿಳಿಯಿತು, ಆ ಮಿಲ್ಲಿಗೆ ಹೊಸದಾಗಿ ಸೇರಿದ ಆಪರೇಟರ್ ಸುಧಾಕರ ನಿಮ್ಮಪ್ಪ ಎಂದು. ನಿಮ್ಮ ಮುತ್ಯಾ ಭೀಮಶಾ ಹದಿನಾರು ವರ್ಷ ಒಂದು ಮನೆಯಲ್ಲಿ ಜೀತಕ್ಕಿದ್ದ ಎಂದೂ ನೀನೇ ಹೇಳಿದೆ, ವೈರಿನ ನಂಬರ್ ಹೇಳುವಷ್ಟೇ ಸಣ್ಣ ದನಿಯಲ್ಲಿ. ನಾನು ಏನಂದೆ? "ಸೋಮವಾರ ಗಾಡಿ ಬರ್ತದ. ಸ್ಟಿಕ್ಕರ್ ಛಾಪಾ ಆಗ್ಯಾವ. ಮುಂದಿನ ಪ್ಯಾನಲ್ಲಿಗೆ ನೋಡೋಣ." ನೀನು ಅಷ್ಟೂ ಸ್ಟಿಕ್ಕರ್ ಹಚ್ಚಿದೆ, ಸ್ಕೇಲ್ ಇಟ್ಟು, ಒಂದು ಕೂದಲೂ ಓರೆಯಿಲ್ಲದಂತೆ. ಕೈ ತೊಳೆದೆ. ಟೆಸ್ಟರನ್ನು ನನ್ನ ಮೇಜಿನ ಮೇಲಿಟ್ಟು ಹೋದೆ. ಸೋಮವಾರ ಬರಲಿಲ್ಲ.

ಸ್ಟಿಕ್ಕರ್ ಹಾಳೆಯ ಹಿಂಬದಿ ನಾನು ನೋಡಿದ್ದು ಮಂಗಳವಾರ. ಪೆನ್ಸಿಲಿನಲ್ಲಿ ನೀನು ಏಳು ಜೋಡಿ ಹೆಸರು ಬರೆದು ಹೊಡೆದುಹಾಕಿದ್ದೆ. ಪ್ರತಿ ಹೆಸರಿನ ಪಕ್ಕ ಎಷ್ಟು ಅಕ್ಷರ ಎಂದು ಲೆಕ್ಕ. ನನಗೆ ಖರ್ಚು ಹೆಚ್ಚಾಗಬಾರದೆಂದು ಅಕ್ಷರ ಎಣಿಸಿದ್ದೆ, ತಂಗಿ. ನನ್ನ ಜಿಪುಣತನ ನಿನಗೆ ಕಲಿಸಿದವನು ನಾನೇ. ಅವತ್ತು ಮಾತ್ರ ಅದನ್ನು ನೋಡಿ ಊಟದ ಡಬ್ಬಿ ಹಾಗೇ ಮುಚ್ಚಿದೆ.

ಗುರುವಾರ ಚಾಲೂ ಮಾಡಲು ನಾನೂ ಝಹೀರನೂ ಕಮಲಾಪುರಕ್ಕೆ ಹೋದೆವು. ಮಿಲ್ಲಿನ ಸಾವ್ಕಾರರು, ಅವರ ಅಳಿಯ, ಗುಮಾಸ್ತ, ಹಮಾಲರು ಎಲ್ಲ ಸೇರಿದ್ದರು. ತೆಂಗಿನಕಾಯಿ ಒಡೆದಾಯಿತು. ನಿಮ್ಮಪ್ಪ ಇಸ್ತ್ರಿ ಅಂಗಿ ಹಾಕಿ ಪ್ಯಾನಲ್ ಮುಂದೆ ನಿಂತಿದ್ದ. ಜೇಬಿನಿಂದ ಹೊಸ ಚಾಳೀಸು ತೆಗೆದು ಕಣ್ಣಿಗೆ ಹಾಕಿಕೊಂಡ. ಅದರ ಕಾಲಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಈ ಕೆಲಸಕ್ಕೆಂದೇ ಕೊಂಡದ್ದು. ಝಹೀರ್ ನನ್ನ ಕಿವಿಯಲ್ಲಿ, "ಸಾಬ್, ಇವತ್ತು ಓದಿಸೋದು ಬಿಟ್ಟುಬಿಡ್ರಿ" ಅಂದ. ಅಷ್ಟರಲ್ಲಿ ಸಾವ್ಕಾರರೇ, "ಎಲ್ಲಿ ದೇವೀಂದ್ರಪ್ಪ, ನಿಂದೊಂದು ಪದ್ಧತಿ ಅದಂತಲ್ಲ, ಓದಸ್ರಿ, ಕೇಳಾಮು" ಅಂದರು. ನಾನು ಮಾಡಿದ ನೇಮ. ಊರೆಲ್ಲ ಹೇಳಿಕೊಂಡು ತಿರುಗಿದ ನೇಮ.

ನಿಮ್ಮಪ್ಪ ಓದಿದ. "ಧಣಿ. ಚಾಲೂ." ಒತ್ತಿದ. ಮೋಟರ್ ತಿರುಗಿತು. "ಜೀತ ಒಂದು." ಬೆರಳು ಗುಂಡಿಯ ಮೇಲಿಟ್ಟ. "ಚಾಲೂ." ಮತ್ತೆ ತಿರುಗಿತು. ಸಾವ್ಕಾರರ ಅಳಿಯ ನಗುತ್ತ, "ಆಳುಗಳು ಒಬ್ಬೊಬ್ರ ಹಾಜರ್ ಆಗಾಕತ್ತಾರ" ಅಂದ. "ಜೀತ ಎರಡು. ಚಾಲೂ. ಜೀತ ಮೂರು. ಚಾಲೂ." ನಾಲ್ಕನೆಯದರ ಮುಂದೆ ನಿಮ್ಮಪ್ಪ ಚಾಳೀಸು ತೆಗೆದು ಒರೆಸಿಕೊಂಡು ನನ್ನ ಕಡೆ ತಿರುಗಿದ. ದನಿ ಏರಿಸದೆ ಕೇಳಿದ:

"ಇವು ಕರದ್ರ ಮಾತ್ರ ಮಾತಾಡ್ತಾವೇನ್ರಿ?"

"ಹೌದ್ರಿ," ಎಂದೆ.

"ನಮ್ಮಪ್ಪನೂ ಹಂಗ ಇದ್ದರಿ. ಹದಿನಾರು ವರ್ಷ. ಹೆಸರು ಬರಾಬರಿ ಇಟ್ಟೀರಿ."

ಸಾವ್ಕಾರರ ಮುಖ ಕೆಂಪಾಯಿತು. "ಕೆಲಸಕ್ಕ ಬಂದಿಯೋ ಭಾಷಣಕ್ಕ ಬಂದಿಯೋ? ನಾಳಿಂದ ಬ್ಯಾರೆ ಆಪರೇಟರ್ ನೋಡ್ತೀನಿ," ಅಂದರು. ನಿಮ್ಮಪ್ಪನ ಕೈ ಚಾಳೀಸಿನ ಡಬ್ಬಿ ಹುಡುಕಿತು. ಆ ಕೈ ನೋಡಿದೆ ನಾನು. ಹೊಸ ಕೆಲಸ ಹಳೆಯದಾಗುವ ಮೊದಲೇ ಹೋಗುತ್ತಿತ್ತು, ನಾನು ಛಾಪಿಸಿದ ಎರಡಕ್ಷರಕ್ಕೆ.

ನಲವತ್ತು ವರ್ಷ ದುಡಿದ ಬಾಯಿ ಅವತ್ತು ಒಂದು ಒಳ್ಳೆಯ ಕೆಲಸ ಮಾಡಿತು. ಮುಖ್ಯ ಸ್ವಿಚ್ ಇಳಿಸಿ ಹೇಳಿದೆ: "ಸಾವ್ಕಾರ್ರ, ತಪ್ಪು ಇವರದಲ್ರಿ. ಪ್ಯಾನಲ್ಲಿನ್ಯಾಗ ದೋಷ ಅದ. ನನ್ನ ಕಡಿಂದಾಗಿದ್ದು. ಎರಡು ದಿನ ಕೊಡ್ರಿ. ಇನ್ನೊಂದು ಮಾತು, ಈ ದೋಷ ಹಿಡದವ್ರು ಇವರೊಬ್ರ. ಇವರ ಸಹಿ ಇಲ್ಲದ ನಾ ಇದಕ್ಕ ವಾರಂಟಿ ಕೊಡಂಗಿಲ್ಲ." ವಾರಂಟಿ ಎಂದ ಕೂಡಲೇ ಸಾವ್ಕಾರರು ಮೆತ್ತಗಾದರು. ಯಾವ ಗಿರಾಕಿ ಯಾವ ಶಬ್ದಕ್ಕೆ ಬಗ್ಗುತ್ತಾನೆ ಎಂಬುದಷ್ಟೇ ನನಗೆ ಗೊತ್ತಿರುವ ವಿದ್ಯೆ.

ಅವತ್ತೇ ಸಂಜೆ ನಿಮ್ಮ ಮನೆಗೆ ಹೋದೆ. ನೀನು ಬೇರೆ ಕೆಲಸ ಹಿಡಿದು ಬೀದರಿಗೆ ಹೋಗಿ ಎರಡು ದಿನವಾಗಿತ್ತು. ನಿಮ್ಮ ಆಯಿ ಹಣಮಮ್ಮ ಕಟ್ಟೆಯ ಮೇಲೆ ಕೂತಿದ್ದಳು. ನಾನು ಬಂದ ಕಾರಣ ಹೇಳಿ, ಆ ಮಾತನ್ನು ಇನ್ನು ಎಲ್ಲೂ ಬರೆಯುವುದಿಲ್ಲ, ಪೂರ್ತಿ ಅಳಿಸುತ್ತೇನೆ ಎಂದೆ. ದೊಡ್ಡ ಉಪಕಾರ ಮಾಡುವವನ ದನಿಯಲ್ಲಿ ಹೇಳಿರಬೇಕು. ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಳಸಾಕ ನೀ ಯಾರಪ್ಪಾ? ಅದು ನನ್ನ ಗಂಡನ ಆಯುಷ್ಯ. ಹದಿನಾರು ವರ್ಷ ಆಂವ ಅದರಾಗ ಸವದಾನ. ಆ ಮಾತು ಇರಲಿ, ನಾಕು ಮಂದಿ ಕೇಳಲಿ. ಮೋಟರಿಗ್ಯಾಕ ಕೊಡ್ತಿ ಅದನ್ನ? ಮೋಟರ್ ಏನು ದುಡದಾದ?"

ಪಂಚಶೀಲಾ, ನಿನ್ನ ಫೋನಿನಲ್ಲಿದ್ದ ಅಷ್ಟೂ ವಾದ ಒಂದು ಕಡೆ, ಈ ಮಾತು ಒಂದು ಕಡೆ. ನಾನು ಅಷ್ಟು ದಿನ ಅದು ಹೊಲಸು ಶಬ್ದ, ಅದಕ್ಕೇ ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ. ಅದು ತೂಕದ ಶಬ್ದ. ಅಷ್ಟು ತೂಕದ್ದನ್ನು ನಾನು ಸಣ್ಣ ಸ್ಟಿಕ್ಕರಿನಲ್ಲಿ ಸಸ್ತಾ ಮಾಡಿ ಹಂಚಿದ್ದೆ.

ಆಯಿ ಅಷ್ಟಕ್ಕೆ ಬಿಡಲಿಲ್ಲ. "ನಿಮ್ಮ ಮನ್ಯಾಗೂ ಜೀತಕ್ಕ ಯಾರರೆ ಇದ್ದರೇನು?" ಎಂದು ಕೇಳಿದಳು. ಇದ್ದ. ನಾನು ಸಣ್ಣವನಿದ್ದಾಗ, ಹೊಲ ಕಳೆದುಕೊಳ್ಳುವ ಮೊದಲು, ನಮ್ಮ ಮನೆಯಲ್ಲೂ ಒಬ್ಬ ಮುದುಕ ಇದ್ದ. ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸಿ ನನ್ನನ್ನು ಶಾಲೆಗೆ ಬಿಡುತ್ತಿದ್ದ. ಅವನ ಹೆಗಲಿನ ವಾಸನೆ ಈಗಲೂ ಹೇಳಬಲ್ಲೆ. "ಹೆಸರೇನಿತ್ತು?" ಎಂದಳು. ಅದು ನೆನಪಿಗೆ ಬರಲಿಲ್ಲ. ಮನೆಯಲ್ಲಿ ಎಲ್ಲರೂ ಅವನನ್ನು ಆಳು ಎಂದೇ ಕರೆಯುತ್ತಿದ್ದರು, ನಾನೂ. ಅರವತ್ತೆರಡು ಪ್ಯಾನಲ್ಲಿನ ತಾರೀಖು ನನ್ನ ಪುಸ್ತಕದಲ್ಲಿದೆ, ಆ ಹೆಸರಿಲ್ಲ. ಆಮೇಲೆ ಊರಿಗೆ ಹೋಗಿ ನಾಲ್ಕು ಮನೆ ಕೇಳಿದೆ, ಗೊತ್ತಿದ್ದವರು ಉಳಿದಿಲ್ಲ. ಆಯಿ ಎದ್ದು ಹೋಗಿ ಎರಡು ಕೆಂಪು ಬಾಳೆಹಣ್ಣು ತಂದು ಕೈಯಲ್ಲಿಟ್ಟಳು. ಒಂದು ಅಲ್ಲೇ ತಿಂದೆ. ಇನ್ನೊಂದು ಜೇಬಿನಲ್ಲಿ ಮೆತ್ತಗಾಗುವ ತನಕ ಇತ್ತು.

ಆಮೇಲೆ ಹೊಸ ಹೆಸರಿನ ಪಂಚಾಯಿತಿ. ನಾನು ಅಣ್ಣ ತಮ್ಮ ಎಂದೆ. ನಿಮ್ಮಪ್ಪ, "ಹೊಲ ಪಾಲು ಆಗೋ ತನಕ ನಡೀತದ್ರಿ" ಅಂದ. ಝಹೀರ್, ಅತ್ತಿ ಸೊಸಿ ಅಂದ. ಆಯಿ, "ಅದಕ್ಕಿಂತ ಹಳೇದ ಇರಲಿ ಬಿಡು" ಅಂದಳು. ನಿನ್ನ ಏಳು ಜೋಡಿಯನ್ನೂ ಓದಿದೆ, ಯಾವುದೂ ನಿಲ್ಲಲಿಲ್ಲ. ಕೊನೆಗೆ ನಿಮ್ಮಪ್ಪ, ಈ ಡ್ರೈವುಗಳು ಹೇಗೆ ನಡೆಯುತ್ತವೆ ಇನ್ನೊಮ್ಮೆ ಹೇಳ್ರಿ ಎಂದ. ಹೇಳಿದೆ. ಅವನಿಗೆ ನಗು ಬಂತು.

"ಇದು ನಮ್ಮ ಭೀಮಗೀತೆ ಮ್ಯಾಳ ಇದ್ದಂಗ ಆತಲ್ರಿ. ಒಬ್ಬಾಂವ ಪದ ಎತ್ತತಾನ, ಉಳದವ್ರು ಹಿಮ್ಮೇಳ ಹಿಡೀತಾರ. ಎತ್ತಾಂವ ದೊಡ್ಡಾಂವ ಅಂತಲ್ಲ. ಅವನ ಗಂಟಲ ಕೆಟ್ರ ಇನ್ನೊಬ್ಬಾಂವ ಎತ್ತತಾನ."

ನಮ್ಮ ಡ್ರೈವುಗಳೂ ಹಾಗೇ ಅಲ್ಲವೇ? ಸೆಟ್ಟಿಂಗ್ ಬದಲಿಸಿದರೆ ಯಾವುದನ್ನಾದರೂ ಮುಂದಿಡಬಹುದು. ಒಂಬತ್ತು ವರ್ಷ ಪ್ಯಾನಲ್ ಕಟ್ಟಿದ ನನಗೆ ಹೊಳೆಯದ್ದು, ಅದನ್ನು ಒಮ್ಮೆ ನೋಡಿದವನಿಗೆ ಹೊಳೆಯಿತು. ಮುಮ್ಮೇಳ, ಹಿಮ್ಮೇಳ. ಮೂರು ಮೂರು ಅಕ್ಷರ, ಅದರ ಮೇಲೆ ಒತ್ತು ಬೇರೆ. ಸ್ಟಿಕ್ಕರಿನವನು ದೊಡ್ಡ ಸೈಜು ಬೇಕೆಂದ. ಕೊಟ್ಟೆ. ಒಂದು ಪೈಸೆ ಚೌಕಾಶಿ ಮಾಡಲಿಲ್ಲ. ಹುಷಾರಿದ್ದೀರೇನ್ರಿ ಎಂದು ಅವನೇ ಕೇಳಿದ.

ಶನಿವಾರ ನಿಮ್ಮಪ್ಪ ಮತ್ತೆ ಓದಿ ಒತ್ತಿದ. "ಮುಮ್ಮೇಳ. ಚಾಲೂ. ಹಿಮ್ಮೇಳ ಒಂದು. ಚಾಲೂ." ದನಿ ತುಂಬಿತ್ತು, ಪದ ಎತ್ತುವವನ ದನಿ. ನಾಲ್ಕನೆಯದಕ್ಕೆ ಬರುವಾಗ ಹಮಾಲರಲ್ಲಿ ಇಬ್ಬರು ತಾವೇ "ಚಾಲೂ" ಎಂದು ದನಿ ಕೂಡಿಸಿದರು. ಸಾವ್ಕಾರರ ಅಳಿಯ ಸಹ ಅಂದ, ಅಂದು ನಾಚಿಕೊಂಡ. ನಿಮ್ಮಪ್ಪ ಚೀಟಿ ಕಿತ್ತ ಚಾಳೀಸಿನಲ್ಲಿ ವಾರಂಟಿ ಕಾಗದ ಪೂರ್ತಿ ಓದಿ, ಆಮೇಲೆ ಸಹಿ ಮಾಡಿದ. ಒಂದು ಸಾಲು ಅರ್ಥವಾಗಲಿಲ್ಲ ಎಂದು ನನ್ನಿಂದ ಬಿಡಿಸಿ ಹೇಳಿಸಿಕೊಂಡ. ನಿನ್ನಪ್ಪನೇ ಸರಿ.

ಉಳಿದ ಅರವತ್ತೊಂದು ಪ್ಯಾನಲ್ಲಿನ ಬೆನ್ನು ಹತ್ತಿದ್ದೇನೆ. ಝಹೀರ್ ಥಿನ್ನರ್ ಹಿಡಿದು ಬರುತ್ತಾನೆ, ನಾನು ಸ್ಟಿಕ್ಕರ್ ಹಿಡಿದು. ಮೂವತ್ತೆಂಟು ಆದವು. ಹದಿನಾಲ್ಕು ಬಾಕಿ. ಒಂಬತ್ತು ಮಂದಿ ಬೇಡವೆಂದರು. ಅವರಲ್ಲಿ ಒಬ್ಬ ದೊಡ್ಡ ಗಿರಾಕಿ, "ಹೆಸರಿನ್ಯಾಗ ಏನದ ದೇವೀಂದ್ರಪ್ಪ, ತೊಗರಿ ಒಡದ್ರ ಸಾಕು" ಅಂದ. "ಹಂಗಾದ್ರ ಆ ಮೋಟರಿಗೆ ನಿಮ್ಮ ಹೆಸರು ಹಾಕಲೇನ್ರಿ?" ಎಂದೆ. ಪೂರ್ತಿ ಹೋದ ಗಿರಾಕಿ ಅವನೇ.

ಇದರಿಂದ ಏನೋ ದೊಡ್ಡದಾಯಿತು ಎಂದು ನಾನು ಹೇಳುವುದಿಲ್ಲ. ಯಾವ ಮಿಲ್ಲಿನಲ್ಲೂ ಕೂಲಿ ಒಂದು ರೂಪಾಯಿ ಹೆಚ್ಚಾಗಿಲ್ಲ, ಹಮಾಲರ ಬೆನ್ನಿನ ಮೇಲಿನ ಮೂಟೆ ಹಗುರಾಗಿಲ್ಲ. ಅದನ್ನೂ ಬರೆದಿಟ್ಟಿದ್ದೇನೆ. ಆದರೆ ದಿನಾ ಬೆಳಿಗ್ಗೆ ಒಬ್ಬ ಮನುಷ್ಯ ತನ್ನ ಅಪ್ಪನ ಆಯುಷ್ಯವನ್ನು ಗುಂಡಿಯ ಕೆಳಗೆ ಓದದೆ ಕೆಲಸ ಶುರು ಮಾಡುತ್ತಾನೆ. ಇದು ಸಣ್ಣದೋ ದೊಡ್ಡದೋ ನೀನೇ ಹೇಳಬೇಕು.

ವಾಪಸ್ ಬಾ ಎಂದು ನಾನು ಕರೆಯುವುದಿಲ್ಲ. ಕರೆದಾಗ ಬರುವುದು, ಕೇಳಿದಾಗ ಮಾತಾಡುವುದು, ಆ ಪದ್ಧತಿ ಬಿಡಲೆಂದೇ ಇಷ್ಟು ಥಿನ್ನರ್ ಸುರಿದದ್ದು. ನಿನ್ನ ಟೆಸ್ಟರ್ ನೀನಿಟ್ಟ ಜಾಗದಲ್ಲೇ ಇದೆ. ಬೀಗದ ಕೈ ಝಹೀರನ ಹತ್ತಿರವಿದೆ. ಬೀದರದ ಕೆಲಸ ಚೆನ್ನಾಗಿದ್ದರೆ ಅಲ್ಲೇ ಇರು, ನನ್ನ ಮುಖ ನೋಡಬೇಡ. ಬರಬೇಕೆನಿಸಿದರೆ ಹೇಳದೆ ಬಾ. ಬಂದ ದಿನವೇ, ಯಾರೂ ಕೇಳದಿದ್ದರೂ, ಇನ್ನೇನು ತಪ್ಪಿದೆ ಎಂದು ಹೇಳು. ಆ ಶನಿವಾರ ನಿನ್ನ ಮಾತಿಗೆ ಮಂದಿಯನ್ನು ನಗಿಸಿದೆನಲ್ಲ, ಅದು ನನ್ನ ತಪ್ಪು. ಇದನ್ನು ಬರೆಯಲು ಮೂರು ಹಾಳೆ ಹರಿದೆ.

ಇನ್ನು ಯಾರಿಗೆ ಏನು ಸಿಕ್ಕಿತು ಎಂಬುದು. ನಿಮ್ಮಪ್ಪನಿಗೆ ಕೆಲಸ ಉಳಿಯಿತು. ಆಯಿಗೆ ಅವಳ ಶಬ್ದ ಮೋಟರಿನಿಂದ ವಾಪಸ್ ಬಂತು. ಝಹೀರನಿಗೆ ಬಣ್ಣ ಕೆಡದಂತೆ ಸ್ಟಿಕ್ಕರ್ ಕೀಳುವ ಹೊಸ ವಿದ್ಯೆ. ಸಾವ್ಕಾರರಿಗೆ ಎರಡು ದಿನ ತಡವಾಗಿ ಒಳ್ಳೆಯ ಪ್ಯಾನಲ್. ನನಗೆ ಎರಡು ಬಾಳೆಹಣ್ಣು, ಮತ್ತು ನೆನಪಾಗದ ಒಂದು ಹೆಸರು. ನಿನಗೆ, ಸದ್ಯಕ್ಕೆ, ಈ ಕಾಗದವೊಂದೇ.

ನೀನು ಹಾಕಿದ ನಂಬರಿನ ಹಾಗೆ ನಿನ್ನ ಬಾಳೂ ಓದುವವರಿಗೆ ನೆಟ್ಟಗೆ ಕಾಣಲಿ, ತಾಯಿ.

ನಿನ್ನ ಹೆಸರಿನ ಎದುರು ಇನ್ನೂ ಗೆರೆಯನ್ನೇ ಇಟ್ಟುಕೊಂಡಿರುವ,
ದೇವೀಂದ್ರಪ್ಪ